ಮೈಗೂದಲಿಲ್ಲದ ಶೋಲೊ ನಾಯಿ: ಅದು ಹಾಗೇಕೆ, ಸಾಕುವುದು ಹೇಗೆ

ಬೂದು ಬಣ್ಣದ ಬೋಳು ಮೈ, ನಿಗುರಿದ ದೊಡ್ಡ ಕಿವಿ, ನೆತ್ತಿಯ ಮೇಲೆ ನಾಲ್ಕೇ ನಾಲ್ಕು ಕೂದಲು. ಇಂಥ ನಾಯಿಯ ವಿಡಿಯೊ ಮೊಬೈಲಿನಲ್ಲಿ ಕಂಡರೆ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಮೊದಲು ಬರುವುದು ‘ಕಜ್ಜಿನಾಯಿ’ ಎಂಬ ಮಾತು. ನಮ್ಮ ಬೀದಿಗಳಲ್ಲಿ ಕೂದಲಿಲ್ಲದ ನಾಯಿ ಎಂದರೆ ಬಹುಮಟ್ಟಿಗೆ ರೋಗದ ನಾಯಿಯೇ ಆಗಿರುವುದರಿಂದ ಹಾಗೆನ್ನಿಸುವುದು ಸಹಜ. ಆದರೆ ಮೆಕ್ಸಿಕೊದ ಶೋಲೊ ನಾಯಿಗೆ ಕೂದಲು ಉದುರಿದ್ದಲ್ಲ, ಅದು ಹುಟ್ಟಿದ್ದೇ ಹಾಗೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ನಾಯಿ ಪಾರ್ಕಿನಲ್ಲೋ ನೆರೆಮನೆಯಲ್ಲೋ ಎದುರಾಗುವುದುಂಟು. ‘ಮನೆ ತುಂಬ ಕೂದಲು ಉದುರಿಸುವುದಿಲ್ಲ, ಅಲರ್ಜಿ ಮಾಡುವುದಿಲ್ಲ, ಆರೈಕೆಯೂ ಸುಲಭ’ ಎಂಬ ಮಾತು ಕೇಳಿ ಮರಿ ತರಲು ಹೊರಡುವವರೂ ಇದ್ದಾರೆ. ಆ ಮೂರರಲ್ಲಿ ಪೂರ್ತಿ ನಿಜವಾದದ್ದು ಮೊದಲನೆಯದು ಮಾತ್ರ.

ನಾಯಿಯ ಮೈಗೂದಲು ಬರಿಯ ಅಂದಕ್ಕಿರುವುದಲ್ಲ. ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ, ಮೈಯ ಕಾವು ಹೊರಗೆ ಹೋಗದಂತೆ, ಮುಳ್ಳು ಕಲ್ಲು ತರಚದಂತೆ ಅದು ಕಾಯುತ್ತದೆ. ಚರ್ಮದ ಎಣ್ಣೆಯನ್ನು ಮೈತುಂಬ ಹರಡುವುದೂ ಅದೇ. ಶೋಲೊ ಸಾಕುವವರು ಕೂದಲಿನ ಈ ಕೆಲಸಗಳನ್ನೆಲ್ಲ ತಾವು ಮಾಡಬೇಕಾಗುತ್ತದೆ. ಹೀಗೆ ನೋಡಿದರೆ ಆರೈಕೆಯ ಪ್ರತಿಯೊಂದು ನಿಯಮಕ್ಕೂ ಕಾರಣ ತಾನಾಗಿ ತಿಳಿಯುತ್ತದೆ.

ಹೆಸರು ಮತ್ತು ಊರು

ಪೂರ್ತಿ ಹೆಸರು ಶೋಲೊಇಟ್ಸ್‌ಕ್ವಿಂಟ್ಲಿ. ಮೆಕ್ಸಿಕೊದ ಮೂಲನಿವಾಸಿಗಳ ನಾಹುವಾಟ್ಲ್ ಭಾಷೆಯಲ್ಲಿ ‘ಇಟ್ಸ್‌ಕ್ವಿಂಟ್ಲಿ’ ಎಂದರೆ ನಾಯಿ. ‘ಶೋಲೊಟ್ಲ್’ ನಾಯಿಮೊಗದ ಒಬ್ಬ ದೇವರು. ಸತ್ತವರನ್ನು ಪಾತಾಳಲೋಕದ ನದಿ ದಾಟಿಸಲು ನಾಯಿ ಜೊತೆಗೆ ಬರುತ್ತದೆ ಎಂಬುದು ಅಲ್ಲಿನ ನಂಬಿಕೆ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿಯ ಕಥೆ ಬಲ್ಲ ನಮಗೆ ಇದು ತೀರಾ ಹೊಸದೆನಿಸದು. ಪಶ್ಚಿಮ ಮೆಕ್ಸಿಕೊದ ಕೊಲಿಮಾ ಪ್ರದೇಶದಲ್ಲಿ ಸುಮಾರು 2000 ವರ್ಷ ಹಳೆಯ ಗೋರಿಗಳಲ್ಲಿ ದುಂಡು ಹೊಟ್ಟೆಯ ಮಣ್ಣಿನ ನಾಯಿಗಳು ಸಿಕ್ಕಿವೆ.

ಸ್ಪೇನಿನವರು ಬಂದ ಮೇಲೆ ಈ ನಾಯಿಗಳ ಸಂಖ್ಯೆ ಕುಸಿಯಿತು. 1950ರ ದಶಕದಲ್ಲಿ ನಾರ್ಮನ್ ಪೆಲ್ಹಮ್ ರೈಟ್ ಎಂಬ ಬ್ರಿಟಿಷ್ ಅಧಿಕಾರಿ ಮತ್ತು ಸಂಗಡಿಗರು ದೂರದ ಹಳ್ಳಿಗಳನ್ನು ಸುತ್ತಿ, ಉಳಿದಿದ್ದವನ್ನು ಹುಡುಕಿ ತಂದರು. 1956ರಲ್ಲಿ ಮೆಕ್ಸಿಕೊ ಈ ತಳಿಗೆ ಮನ್ನಣೆ ಕೊಟ್ಟಿತು. ನಾಯಿತಳಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ 1959ರಲ್ಲಿ ತನ್ನ ಪಟ್ಟಿಯಿಂದ ಇದನ್ನು ಕೈಬಿಟ್ಟಿತ್ತು, 2011ರಲ್ಲಿ ಮರಳಿ ಸೇರಿಸಿಕೊಂಡಿತು.

ತಳಿಯಲ್ಲಿ ಮೂರು ಅಳತೆಗಳಿವೆ. ಭುಜದ ಎತ್ತರ ಚಿಕ್ಕದರಲ್ಲಿ 25ರಿಂದ 35 ಸೆಂಟಿಮೀಟರ್, ನಡುವಿನದರಲ್ಲಿ 36ರಿಂದ 45, ದೊಡ್ಡದರಲ್ಲಿ 46ರಿಂದ 60. ತೂಕ ಸುಮಾರು 4 ಕಿಲೊದಿಂದ 25 ಕಿಲೊವರೆಗೆ. ಮನೆಯವರನ್ನು ಬಿಟ್ಟಿರದ, ಹೊಸಬರ ಹತ್ತಿರ ಬೇಗ ಸಲುಗೆ ಬೆಳೆಸದ, ಬುದ್ಧಿವಂತ ನಾಯಿ ಇದು. ಹತ್ತುವುದು ಹಾರುವುದು ಚೆನ್ನಾಗಿ ಬರುವುದರಿಂದ ಗಿಡ್ಡ ಕಾಂಪೌಂಡು ಇದಕ್ಕೆ ತಡೆಯೇ ಅಲ್ಲ. ಹದಿಮೂರು ವರ್ಷ ದಾಟಿ ಬದುಕುವುದು ಸಾಮಾನ್ಯ, ಅಂದರೆ ಮುಂದೆ ಹೇಳುವ ಕೆಲಸಗಳೂ ಅಷ್ಟು ವರ್ಷ ಇರುತ್ತವೆ.

ಕೂದಲು ಏಕಿಲ್ಲ

ಚುಕ್ಕಿ ರಂಗೋಲಿ ಬಿಡಿಸುವವರು ಮೊದಲು ಚುಕ್ಕಿ ಇಡುತ್ತಾರೆ, ಆಮೇಲೆ ಗೆರೆ ಎಳೆಯುತ್ತಾರೆ. ಗರ್ಭದಲ್ಲಿ ಮರಿಯ ಮೈ ರೂಪುಗೊಳ್ಳುವಾಗಲೂ ಹೀಗೆಯೇ. ಎಲ್ಲೆಲ್ಲಿ ಕೂದಲು ಬರಬೇಕೋ ಅಲ್ಲೆಲ್ಲ ಹೊರಪದರದಲ್ಲಿ ಪುಟ್ಟ ಚುಕ್ಕಿಗಳಂತೆ ಜೀವಕೋಶಗಳು ಗಟ್ಟಿಯಾಗಿ ಕೂಡುತ್ತವೆ. ಹಲ್ಲು ಬರಬೇಕಾದ ಕಡೆಯೂ ಅಂಥವೇ ಚುಕ್ಕಿಗಳು. ಅವು ಸರಿಯಾಗಿ ಬೆಳೆಯಲು ಬೇಕಾದ ಜೀನ್‌ಗಳಲ್ಲಿ ಒಂದರ ಹೆಸರು ಫಾಕ್ಸ್ ಐ3. ಶೋಲೊದಲ್ಲಿ ಕೆಟ್ಟಿರುವುದು ಇದೇ. ಕೂದಲಿಗೂ ಹಲ್ಲಿಗೂ ಚುಕ್ಕಿ ಇಡುವ ಕೈ ಒಂದೇ ಆದ್ದರಿಂದ ಬೋಳು ಮೈ, ಹರಕು ಹಲ್ಲುಸಾಲು ಎರಡೂ ಒಟ್ಟಿಗೆ ಬರುತ್ತವೆ.

ಕೆಟ್ಟಿರುವುದು ಎಷ್ಟು? ಏಳೇ ಅಕ್ಷರ. ಜೀನ್‌ನಲ್ಲಿ ಬರೆದದ್ದನ್ನು ದೇಹ ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ‘ಕಮಲ ನಗರ ಪವನ’ ಎಂಬ ಸಾಲಿನಲ್ಲಿ ಮೊದಲ ಅಕ್ಷರದ ನಂತರ ಒಂದು ‘ಸ’ ಹೆಚ್ಚಾಗಿ ಬಿದ್ದಿದೆ ಎಂದುಕೊಳ್ಳಿ. ಮೂರು ಮೂರರಂತೆಯೇ ಓದಿದರೆ ‘ಕಸಮ ಲನಗ ರಪವ ನ’ ಆಗುತ್ತದೆ, ಮುಂದಿನದಕ್ಕೆಲ್ಲ ಅರ್ಥವಿರುವುದಿಲ್ಲ. ಶೋಲೊದ ಫಾಕ್ಸ್ ಐ3ಯಲ್ಲಿ ಏಳು ಅಕ್ಷರಗಳ ಒಂದು ತುಣುಕು ಎರಡು ಸಲ ಬರೆದುಹೋಗಿದೆ. ಏಳು ಮೂರರಿಂದ ಭಾಗವಾಗದು, ಹಾಗಾಗಿ ಅಲ್ಲಿಂದಾಚೆಗೆ ಓದು ತಪ್ಪುತ್ತದೆ. 2008ರಲ್ಲಿ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದಾಗ ಪೆರು ದೇಶದ ಬೋಳುನಾಯಿಯಲ್ಲೂ ಚೈನೀಸ್ ಕ್ರೆಸ್ಟೆಡ್ ತಳಿಯಲ್ಲೂ ಇದೇ ಏಳಕ್ಷರದ ತಪ್ಪು ಕಂಡಿತು. ಮೂರೂ ತಳಿಗಳ ಬೋಳುತನದ ಮೂಲ ಒಂದೇ.

ಆದ್ದರಿಂದ ಇಲ್ಲಿ ಹೇಳುವ ಆರೈಕೆ ಬಹುಮಟ್ಟಿಗೆ ಆ ಎರಡಕ್ಕೂ ಸಲ್ಲುತ್ತದೆ. ಅಮೆರಿಕನ್ ಹೇರ್‌ಲೆಸ್ ಟೆರಿಯರ್ ಎಂಬ ಬೋಳು ತಳಿ ಮಾತ್ರ ಬೇರೆ. ಅದರಲ್ಲಿ ಕೆಟ್ಟಿರುವುದು ಎಸ್‌ಜಿಕೆ3 ಎಂಬ ಇನ್ನೊಂದು ಜೀನ್. ಅದರ ಮರಿಗಳು ತೆಳು ಕೂದಲಿನೊಂದಿಗೆ ಹುಟ್ಟಿ ಕೆಲವೇ ವಾರಗಳಲ್ಲಿ ಅದನ್ನು ಉದುರಿಸಿಕೊಳ್ಳುತ್ತವೆ, ಹಲ್ಲುಗಳೆಲ್ಲ ಸರಿಯಾಗಿರುತ್ತವೆ.

ಒಂದೇ ಸೂಲಿನಲ್ಲಿ ಎರಡು ಬಗೆಯ ಮರಿಗಳು

ಪ್ರತಿ ಜೀನ್‌ಗೂ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಫಾಕ್ಸ್ ಐ3ಯ ಒಂದು ಪ್ರತಿ ಕೆಟ್ಟಿದ್ದರೆ ಮರಿ ಬೋಳು. ಎರಡೂ ಸರಿಯಿದ್ದರೆ ಮೈತುಂಬ ಕೂದಲು. ಎರಡೂ ಕೆಟ್ಟಿದ್ದರೆ ಮರಿ ಗರ್ಭದಲ್ಲೇ ಸಾಯುತ್ತದೆ, ಹುಟ್ಟುವುದೇ ಇಲ್ಲ. ಅಂದರೆ ಬದುಕಿರುವ ಪ್ರತಿ ಬೋಳು ಶೋಲೊದಲ್ಲೂ ಒಂದು ಕೆಟ್ಟ ಪ್ರತಿ, ಒಂದು ಒಳ್ಳೆಯ ಪ್ರತಿ ಇದ್ದೇ ಇರುತ್ತದೆ.

ಈಗ ಲೆಕ್ಕ ಹಾಕಿ. ಬೋಳು ಗಂಡು, ಬೋಳು ಹೆಣ್ಣು ಕೂಡಿದರೆ ನಾಲ್ಕು ಭ್ರೂಣಗಳಿಗೆ ಸರಾಸರಿ ಒಂದು ಉಳಿಯುವುದಿಲ್ಲ, ಎರಡು ಬೋಳು, ಒಂದಕ್ಕೆ ಕೂದಲು. ಹುಟ್ಟಿದ ಮರಿಗಳಲ್ಲಿ ಮೂರಕ್ಕೆ ಒಂದು ಕೂದಲಿನದು. ಬೋಳು ನಾಯಿಯನ್ನು ಕೂದಲಿನ ನಾಯಿಗೆ ಕೂಡಿಸಿದರೆ ಅರ್ಧಕ್ಕರ್ಧ, ಭ್ರೂಣ ನಷ್ಟವಿಲ್ಲ. ಕೂದಲಿನ ಮರಿ ಕಂಡ ಕೂಡಲೇ ‘ತಳಿ ಬೆರಕೆ’ ಎಂದು ದೂರುವವರಿದ್ದಾರೆ. ಅದು ತಪ್ಪು. ಕೂದಲಿನ ಶೋಲೊಗೂ ತಳಿಯ ಮಾನದಂಡದಲ್ಲಿ ಜಾಗವಿದೆ. ಅನುಮಾನಪಡಬೇಕಾದದ್ದು ‘ನಮ್ಮಲ್ಲಿ ಯಾವ ಸೂಲಿನಲ್ಲೂ ಕೂದಲಿನ ಮರಿಯೇ ಹುಟ್ಟುವುದಿಲ್ಲ’ ಎನ್ನುವ ಮಾರಾಟಗಾರರ ಬಗ್ಗೆ. ಅಂಥ ಮರಿಗಳನ್ನು ಅವರು ಏನು ಮಾಡಿದರು ಎಂದು ಕೇಳಲೇಬೇಕು.

ಕಜ್ಜಿಯೋ, ಹುಟ್ಟುಬೋಳೋ

ಹುಟ್ಟುಬೋಳು ಮೈಯ ಎಡಕ್ಕೂ ಬಲಕ್ಕೂ ಒಂದೇ ಸಮನಾಗಿರುತ್ತದೆ. ಚರ್ಮ ನುಣುಪು, ನಾತವಿಲ್ಲ, ಕೆರೆತವಿಲ್ಲ. ನೆತ್ತಿ, ಕಾಲ್ಬೆರಳು, ಬಾಲದ ತುದಿಯಲ್ಲಿ ಒಂದಿಷ್ಟು ಕೂದಲು ಉಳಿದಿರುವುದುಂಟು. ಕಜ್ಜಿ ನುಸಿಯಿಂದ ಬರುವ ರೋಗ. ಅದು ಸಾಮಾನ್ಯವಾಗಿ ಕಿವಿಯ ಅಂಚು, ಮೊಣಕೈ, ಹೊಟ್ಟೆಯಲ್ಲಿ ಶುರುವಾಗಿ ತೇಪೆ ತೇಪೆಯಾಗಿ ಹರಡುತ್ತದೆ. ಹಕ್ಕಳೆ ಕಟ್ಟುತ್ತದೆ, ನಾಯಿ ನಿದ್ದೆಗೆಟ್ಟು ಕೆರೆದುಕೊಳ್ಳುತ್ತದೆ, ಮುಟ್ಟಿದವರಿಗೂ ತುರಿಕೆ ಅಂಟಬಹುದು. ಶೋಲೊಗೂ ಕಜ್ಜಿ ಹತ್ತಬಹುದು ಎಂಬುದು ನೆನಪಿರಲಿ. ಉದುರಲು ಕೂದಲಿಲ್ಲದ ಕಾರಣ ಅದರಲ್ಲಿ ಕೆರೆತ, ಹಕ್ಕಳೆ, ಕೆಂಪು ಗುಳ್ಳೆಗಳೇ ಸುಳಿವು. ಚರ್ಮವನ್ನು ಸ್ವಲ್ಪ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನು ಪಶುವೈದ್ಯರು ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ.

ಚರ್ಮ: ದೊಡ್ಡ ಕೆಲಸ ಇಲ್ಲಿದೆ

ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆದುಕೊಳ್ಳುವುದನ್ನು ನೋಡಿದ್ದೀರಿ. ಕೂದಲೂ ಬತ್ತಿಯ ಹಾಗೆ. ಪ್ರತಿ ಕೂದಲಿನ ಬುಡದ ಪಕ್ಕ ಎಣ್ಣೆಯ ಗ್ರಂಥಿಯಿದೆ. ಅಲ್ಲಿ ಒಸರಿದ ಎಣ್ಣೆ ಕೂದಲಿನ ಗುಂಟ ಹೊರಬಂದು ಮೈಮೇಲೆ ಹರಡುತ್ತದೆ. ಶೋಲೊದಲ್ಲಿ ಕೂದಲಿನ ಕುಳಿಗಳು ಅರೆಬರೆಯಾಗಿ ಉಳಿದಿರುತ್ತವೆ, ಗ್ರಂಥಿಯೂ ಇರುತ್ತದೆ, ಆದರೆ ಬತ್ತಿಯಿಲ್ಲ. ಎಣ್ಣೆ ಮತ್ತು ಸತ್ತ ಚರ್ಮದ ಹೊಟ್ಟು ಕುಳಿಯೊಳಗೇ ಸೇರಿ ಬಿರಡೆಯಂತೆ ಕೂರುತ್ತವೆ. ನಾವು ಬ್ಲ್ಯಾಕ್‌ಹೆಡ್ ಎನ್ನುವುದು ಇದನ್ನೇ. ಆರು ತಿಂಗಳ ನಂತರ ಹರೆಯ ಬರುವಾಗ ಗ್ರಂಥಿಗಳು ಚುರುಕಾಗಿ ಬೆನ್ನು, ಗಲ್ಲ, ಕಾಲುಗಳಲ್ಲಿ ಮೊಡವೆ ಕಾಣುವುದು ಹೆಚ್ಚು.

ಇಲ್ಲಿ ನಮ್ಮವರು ಮಾಡುವ ಮೊದಲ ತಪ್ಪು ಕೊಬ್ಬರಿ ಎಣ್ಣೆ. ಚರ್ಮ ಒಣಗಿದಂತೆ ಕಂಡರೆ ಎಣ್ಣೆ ತಿಕ್ಕುವುದು ನಮ್ಮ ಕೈಗೆ ಅಭ್ಯಾಸವಾಗಿ ಹೋಗಿದೆ. ಆದರೆ ಮುಚ್ಚಿದ ಕುಳಿಯ ಮೇಲೆ ದಪ್ಪ ಎಣ್ಣೆ ಬಿದ್ದರೆ ಬಾಯಿ ಇನ್ನಷ್ಟು ಬಿಗಿಯುತ್ತದೆ, ಎಣ್ಣೆಗೆ ಧೂಳೂ ಅಂಟುತ್ತದೆ. ಎಣ್ಣೆಗೆ ಕರ್ಪೂರ ಬೆರೆಸುವುದಂತೂ ಬೇಡವೇ ಬೇಡ. ಕರ್ಪೂರ ನಾಯಿಗೆ ವಿಷ, ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ನೆಕ್ಕಿದರೂ ಹೋಗುತ್ತದೆ.

ಸ್ನಾನ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಸಾಕು. ನೀರು ಮೊಣಕೈ ಅದ್ದಿದರೆ ಹಿತವೆನ್ನಿಸುವಷ್ಟು ಬೆಚ್ಚಗಿರಲಿ. ನಾಯಿಗೆಂದೇ ಮಾಡಿದ, ವಾಸನೆಯಿಲ್ಲದ ಶಾಂಪೂವನ್ನು ಹಾಗೇ ಮೈಮೇಲೆ ಸುರಿಯದೆ, ಒಂದು ಚಮಚವನ್ನು ಅರ್ಧ ಮಗ್ ನೀರಿನಲ್ಲಿ ಕದಡಿ ಹಾಕಿ. ಮೆತ್ತನೆಯ ಹತ್ತಿಬಟ್ಟೆಯಿಂದ ವೃತ್ತಾಕಾರವಾಗಿ, ಒತ್ತಡವಿಲ್ಲದೆ ಉಜ್ಜಿ. ಸತ್ತ ಚರ್ಮ ಎದ್ದು ಬರಲು ಅಷ್ಟು ಸಾಕು. ಪ್ಲಾಸ್ಟಿಕ್ ಬ್ರಷ್, ನಾರು, ಒರಟಾದ ಸೀಗೆಪುಡಿ ಬೇಡ. ಬೆರಳಿಗೆ ಜಾರು ತಾಗುವುದು ನಿಲ್ಲುವವರೆಗೂ ತೊಳೆಯಿರಿ. ಕಂಕುಳು, ತೊಡೆಸಂದು, ಬೆರಳಿನ ಸಂದುಗಳಲ್ಲಿ ಶಾಂಪೂ ಉಳಿದರೆ ಮರುದಿನವೇ ಕೆಂಪಾಗಿ ಕೆರೆಯುತ್ತದೆ. ಟವೆಲಿನಿಂದ ತಿಕ್ಕದೆ, ಒತ್ತಿ ಒರೆಸಿ. ದಿನಾ ಸ್ನಾನ ಮಾಡಿಸಿದರೆ ಚರ್ಮದ ಸ್ವಂತ ಜಿಡ್ಡು ಕೊಚ್ಚಿಹೋಗಿ ಸೀಳು ಬಿಡುತ್ತದೆ. ಮನುಷ್ಯರ ಸೋಪೂ ಆಗದು, ನಾಯಿಯ ಚರ್ಮ ನಮ್ಮದಕ್ಕಿಂತ ಕಡಿಮೆ ಆಮ್ಲೀಯ.

ಮೈ ಇನ್ನೂ ಸ್ವಲ್ಪ ತೇವವಿರುವಾಗ ವಾಸನೆಯಿಲ್ಲದ, ನೆಕ್ಕಿದರೂ ಅಪಾಯವಿಲ್ಲದ ತೆಳು ಲೋಷನ್ ಹಚ್ಚಬೇಕು. ಹತ್ತು ಕಿಲೊದ ನಾಯಿಗೆ ಒಂದು ಚಹಾ ಚಮಚ ಸಾಕು. ಅಂಗೈಗಳಲ್ಲಿ ಉಜ್ಜಿಕೊಂಡು ಸವರಿ. ಹದಿನೈದು ನಿಮಿಷದ ನಂತರವೂ ಕೈಗೆ ಜಿಡ್ಡು ತಾಗಿದರೆ ಹೆಚ್ಚಾಗಿದೆ ಎಂದರ್ಥ, ಮುಂದಿನ ಸಲ ಅರ್ಧ ಮಾಡಿ. ಹಾಸನ್ನು ವಾರಕ್ಕೊಮ್ಮೆ ಒಗೆಯದಿದ್ದರೆ ಈ ಶ್ರಮವೆಲ್ಲ ವ್ಯರ್ಥ, ಹಳೆಯ ಜಿಡ್ಡು ಮರಳಿ ಮೈಗೇ ಬರುತ್ತದೆ. ಯಾವುದೇ ಹೊಸ ಶಾಂಪೂ, ಲೋಷನ್ ತಂದಾಗ ತೊಡೆಯ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಗಲ ಹಚ್ಚಿ 24 ಗಂಟೆ ಕಾದು ನೋಡುವುದು ಒಳ್ಳೆಯದು.

ಮೊಡವೆ ಹಿಚುಕಬೇಡಿ. ಹಿಚುಕಿದಾಗ ಕುಳಿ ಒಳಮುಖವಾಗಿ ಒಡೆದು ಜಿಡ್ಡು ಚರ್ಮದ ಆಳಕ್ಕೆ ಇಳಿಯುತ್ತದೆ. ದೇಹ ಅದನ್ನು ಹೊರಗಿನ ವಸ್ತುವೆಂದು ತಿಳಿದು ದಾಳಿ ಮಾಡುವುದರಿಂದ ಚಿಕ್ಕ ಕಪ್ಪು ಚುಕ್ಕೆ ಕೀವು ತುಂಬಿದ ಕುರುವಾಗುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿದರೆ ಬಿರಡೆ ಸಡಿಲವಾಗುತ್ತದೆ. ಹೆಚ್ಚಿದ್ದರೆ ಪಶುವೈದ್ಯರು ಶೇಕಡ 2.5ರ ಬೆಂಜಾಯ್ಲ್ ಪೆರಾಕ್ಸೈಡ್ ಶಾಂಪೂ ಬರೆದುಕೊಡಬಹುದು. ಅದನ್ನು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು, ಕೂಡಲೇ ತೊಳೆದರೆ ಕೆಲಸ ಮಾಡದು. ಅದು ಚರ್ಮವನ್ನು ಒಣಗಿಸುತ್ತದೆ, ಟವೆಲಿನ ಬಣ್ಣವನ್ನೂ ತೆಗೆಯುತ್ತದೆ. ಮನುಷ್ಯರ ಮೊಡವೆ ಕ್ರೀಮು ಬಳಸಬೇಡಿ.

ನಿಮ್ಮ ಮೈಗೆ ಹಚ್ಚಿಕೊಂಡದ್ದೂ ನಾಯಿಗೆ ತಲುಪುತ್ತದೆ. ಶೋಲೊ ಮೈಗಂಟಿ ಮಲಗುವ ನಾಯಿ, ಕೈ ನೆಕ್ಕುವ ನಾಯಿ. ಸೋರಿಯಾಸಿಸ್‌ಗೆ ಹಚ್ಚುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು ಸ್ವಲ್ಪವೇ ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಸಂಚಕಾರ. ಅಂಥ ಔಷಧಿ ಹಚ್ಚಿಕೊಳ್ಳುವವರು ಆ ಜಾಗವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಲಿ.

ಬಿಸಿಲು

ಕಪ್ಪು ಬೂದು ಚರ್ಮದ ಶೋಲೊ ಬಿಸಿಲಿಗೆ ಇನ್ನಷ್ಟು ಕಪ್ಪಾಗುತ್ತದೆ, ಚಳಿಗಾಲದಲ್ಲಿ ತಿಳಿಯಾಗುತ್ತದೆ. ಅದು ಸಹಜ. ಅಪಾಯ ಹೆಚ್ಚಿರುವುದು ತಿಳಿಗೆಂಪು ತೇಪೆಗಳಿರುವ ನಾಯಿಗಳಿಗೆ. ಮೂಗಿನ ಮೇಲ್ಭಾಗ, ಕಿವಿಯ ಅಂಚು, ಬೆನ್ನು ಮೊದಲು ಸುಡುವ ಜಾಗಗಳು. ವರ್ಷಗಟ್ಟಲೆ ಹೀಗೆ ಸುಟ್ಟ ಚರ್ಮದಲ್ಲಿ ಕ್ಯಾನ್ಸರ್ ಬರಬಹುದು. ಎರಡು ವಾರವಾದರೂ ಮಾಯದ ಒರಟು ತೇಪೆ, ಹುಣ್ಣು ಅಥವಾ ರಕ್ತದ ಬಣ್ಣದ ಗಂಟು ಕಂಡರೆ ತೋರಿಸಲೇಬೇಕು.

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೆರಳಲ್ಲಿಡುವುದೇ ಮೊದಲ ರಕ್ಷಣೆ. ಹೊರಗೆ ಹೋಗಲೇಬೇಕಾದರೆ ತೆಳು ಹತ್ತಿ ಅಂಗಿ ತೊಡಿಸಿ. ಸನ್‌ಸ್ಕ್ರೀನ್ ನಾಯಿಗೆಂದೇ ಮಾಡಿದ್ದಾಗಿರಬೇಕು. ನಮ್ಮವುಗಳಲ್ಲಿ ಹಲವಕ್ಕೆ ಸತುವಿನ ಆಕ್ಸೈಡ್ ಹಾಕಿರುತ್ತಾರೆ, ನೆಕ್ಕಿ ಹೊಟ್ಟೆಗೆ ಹೋದರೆ ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಹೊರಡುವ 20 ನಿಮಿಷ ಮೊದಲು ಹಚ್ಚಿ, ಅದು ಇಂಗುವವರೆಗೆ ಆಟವಾಡಿಸುತ್ತ ನೆಕ್ಕದಂತೆ ನೋಡಿಕೊಳ್ಳಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಕೂದಲಿಲ್ಲದ್ದರಿಂದ ಸೆಕೆ ತಡೆಯುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಶೋಲೊ ಕೂಡ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ನಾಲಗೆ ಚಾಚಿ ಏದುವುದರಿಂದಲೇ. ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಬೇರೆ ನಾಯಿಯಷ್ಟೇ ಬೇಗ ಸಾಯುತ್ತದೆ.

ಚಳಿ, ಮತ್ತು ‘ಬಿಸಿ ಮೈ’

ಶೋಲೊವನ್ನು ಮುಟ್ಟಿದವರೆಲ್ಲ ‘ಜ್ವರ ಬಂದಿದೆಯೇ’ ಎಂದು ಕೇಳುತ್ತಾರೆ. ಜ್ವರವಿಲ್ಲ. ಅದರ ಒಳಮೈಯ ಉಷ್ಣತೆ ಎಲ್ಲ ನಾಯಿಗಳಂತೆ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೇರೆ ನಾಯಿಯಲ್ಲಿ ಕೂದಲು ಕಾವನ್ನು ಮುಚ್ಚಿಟ್ಟಿರುತ್ತದೆ, ಇಲ್ಲಿ ನೇರವಾಗಿ ಕೈಗೆ ತಾಗುತ್ತದೆ. ಮೆಕ್ಸಿಕೊದಲ್ಲಿ ಸಂಧಿವಾತದವರು ಇದನ್ನು ಬಿಸಿನೀರಿನ ಚೀಲದಂತೆ ಅಪ್ಪಿಕೊಂಡು ಮಲಗುತ್ತಿದ್ದುದು ಇದೇ ಕಾರಣಕ್ಕೆ. ಕಾವಿನಿಂದ ನೋವಿಗೆ ಹಿತವಾಗುವುದು ನಿಜ, ರೋಗ ವಾಸಿಯಾಗುವುದಿಲ್ಲ.

ಕೈಗೆ ತಾಗುವ ಆ ಕಾವು ನಾಯಿ ಕಳೆದುಕೊಳ್ಳುತ್ತಿರುವ ಕಾವು. 16ನೇ ಶತಮಾನದಲ್ಲಿ ಮೆಕ್ಸಿಕೊದ ಜನಜೀವನವನ್ನು ದಾಖಲಿಸಿದ ಪಾದ್ರಿ ಬೆರ್ನಾರ್ದಿನೊ ದೆ ಸಾಗುನ್, ಕೂದಲಿಲ್ಲದ ಈ ನಾಯಿಗಳಿಗೆ ರಾತ್ರಿ ಹೊದಿಕೆ ಹೊದಿಸುತ್ತಿದ್ದರೆಂದು ಬರೆದಿದ್ದಾನೆ. ಆಗಿನಿಂದಲೂ ಆರೈಕೆ ಬದಲಾಗಿಲ್ಲ. 15 ಡಿಗ್ರಿಗಿಂತ ಕೆಳಗಿಳಿದರೆ ಅಂಗಿ ಬೇಕು. ಮರಿ, ಮುದಿ ಮತ್ತು ಚಿಕ್ಕ ಅಳತೆಯ ನಾಯಿಗೆ ಅದಕ್ಕೂ ಮೊದಲೇ ಬೇಕು. ಮೈ ಬಿಗಿಹಿಡಿದು ನಿಲ್ಲುವುದು, ಕಾಲೆತ್ತುವುದು, ನಡುಕ ಇವು ಚಳಿಯ ಗುರುತು.

ಅಂಗಿಯ ಒಳಪದರ ಹತ್ತಿಯದಿರಲಿ, ಕೆಲವು ನಾಯಿಗಳಿಗೆ ಉಣ್ಣೆ ನೇರವಾಗಿ ತಾಗಿದರೆ ತುರಿಸುತ್ತದೆ. ಹೊಲಿಗೆ ಕಂಕುಳಲ್ಲಿ ಉಜ್ಜಬಾರದು, ಉಜ್ಜಿದ ಜಾಗದಲ್ಲೇ ಮೊಡವೆ ಏಳುತ್ತದೆ. ದಿನಕ್ಕೆ ಕೆಲವು ಗಂಟೆ ಬಿಚ್ಚಿ ಚರ್ಮಕ್ಕೆ ಗಾಳಿಯಾಡಲು ಬಿಡಿ. ಕೋಣೆಯ ಹೀಟರ್‌ಗೆ ಮೂರಡಿಯೊಳಗೆ ಹಾಸು ಇಡಬೇಡಿ, ಬೆಚ್ಚಗಿದೆಯೆಂದು ಅಂಟಿಕೊಂಡು ಮಲಗಿ ಸುಟ್ಟುಕೊಳ್ಳುತ್ತದೆ.

ಹಲ್ಲು, ಕಿವಿ, ಉಗುರು

ಬೆಳೆದ ನಾಯಿಗೆ 42 ಹಲ್ಲು. ಬೋಳು ಶೋಲೊಗೆ ಅಷ್ಟಿರುವುದು ಅಪರೂಪ. ಕೋರೆಹಲ್ಲು ಮತ್ತು ದವಡೆಹಲ್ಲುಗಳ ನಡುವಿನವು ಮುಖ್ಯವಾಗಿ ಇರುವುದಿಲ್ಲ. ಇರುವವು ಮೊನಚಾಗಿ, ಮುಂದಕ್ಕೆ ಬಾಗಿ, ಗಿಡ್ಡ ಬೇರಿನವಾಗಿರುತ್ತವೆ. ಬೇರು ಗಿಡ್ಡವಾದ್ದರಿಂದ ವಸಡು ಸ್ವಲ್ಪ ಸವೆದರೂ ಹಲ್ಲು ಅಲ್ಲಾಡುತ್ತದೆ. ಹಾಗಾಗಿ ದಿನಕ್ಕೊಮ್ಮೆ ನಾಯಿಯ ಪೇಸ್ಟಿನಿಂದ ಉಜ್ಜಬೇಕು. ನಮ್ಮ ಪೇಸ್ಟಿನಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ಅದು ನಾಯಿಗೆ ವಿಷ. ಮೂಳೆ, ಕೊಂಬಿನಂಥ ಗಟ್ಟಿ ವಸ್ತು ಕಡಿಯಲು ಕೊಡಬೇಡಿ. ಕಾಣದ ಹಲ್ಲು ಇಲ್ಲವೇ ಇಲ್ಲವೋ, ವಸಡಿನೊಳಗೆ ಹೂತಿದೆಯೋ ಎಂಬುದು ಎಕ್ಸ್‌ರೇಯಲ್ಲಷ್ಟೇ ತಿಳಿಯುತ್ತದೆ. ಹೂತ ಹಲ್ಲಿನ ಸುತ್ತ ನೀರಿನ ಚೀಲ ಕಟ್ಟಿ ದವಡೆಯ ಮೂಳೆಯನ್ನೇ ತಿನ್ನಬಹುದು.

ಕಿವಿಯೊಳಗೆ ಧೂಳು ತಡೆಯುವ ಕೂದಲಿಲ್ಲ, ಆದ್ದರಿಂದ ಗುಗ್ಗೆ ಬೇಗ ಸೇರುತ್ತದೆ. ವಾರಕ್ಕೊಮ್ಮೆ ನೋಡಿ, ಕೊಳೆಯಿದ್ದರೆ ಮಾತ್ರ ನಾಯಿಯ ಕಿವಿದ್ರವದಲ್ಲಿ ತೋಯಿಸಿದ ಹತ್ತಿಯಿಂದ ಬೆರಳು ಹೋಗುವಷ್ಟು ಒರೆಸಿ. ಕಡ್ಡಿ ಹಾಕಿದರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ. ಉಗುರನ್ನು ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಉದ್ದ ಉಗುರಿನಿಂದ ಕೆರೆದರೆ ತಡೆಯಲು ಕೂದಲಿಲ್ಲದ ಚರ್ಮ ಸೀಳುತ್ತದೆ.

ಅಲರ್ಜಿಯವರಿಗೆ

ನಾಯಿಯ ಅಲರ್ಜಿ ಕೂದಲಿನಿಂದ ಬರುವುದಲ್ಲ, ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೊಟೀನಿನಿಂದ. ಶೋಲೊಗೂ ಜೊಲ್ಲಿದೆ, ಹೊಟ್ಟೂ ಏಳುತ್ತದೆ. ಕೆಲವರಿಗೆ ತೊಂದರೆ ಕಡಿಮೆಯಾಗಬಹುದು, ಕೆಲವರಿಗೆ ಇಲ್ಲ. ಮರಿ ತರುವ ಮುನ್ನ ಅದೇ ನಾಯಿಯೊಂದಿಗೆ ಬೇರೆ ಬೇರೆ ದಿನ ಒಂದೆರಡು ಗಂಟೆ ಮುಚ್ಚಿದ ಕೋಣೆಯಲ್ಲಿ ಕಳೆದು ನೋಡಿ.

ಊಟ ಮತ್ತು ಉಣ್ಣಿ

ಮೈಯ ಕಾವು ಸೋರುವುದರಿಂದ ಚಳಿಗಾಲದಲ್ಲಿ ಊಟ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಹತ್ತು ಕಿಲೊದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿಯಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ ತೂಕ ನೋಡಿ ಹತ್ತಿಪ್ಪತ್ತು ಶೇಕಡ ಏರಿಸಿ ಇಳಿಸಿ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು.

ಉಣ್ಣಿ ಕೂಡಲೇ ಕಣ್ಣಿಗೆ ಬೀಳುವುದು ಈ ತಳಿಯ ಒಂದು ಅನುಕೂಲ. ಆದರೆ ಸೊಳ್ಳೆ, ನೊಣಗಳಿಗೆ ತಡೆಯೇ ಇಲ್ಲ. ಕುತ್ತಿಗೆಯ ಹಿಂದೆ ಹನಿಸುವ ಔಷಧಿಗಳಲ್ಲಿ ಹಲವು ಚರ್ಮದ ಜಿಡ್ಡಿನ ಜೊತೆ ಮೈತುಂಬ ಹರಡುವಂಥವು. ಮೇಲಿಂದ ಮೇಲೆ ಸ್ನಾನ, ಲೋಷನ್ ಕಾಣುವ ಶೋಲೊದಲ್ಲಿ ಅವು ಸರಿಯಾಗಿ ಹರಡದೇ ಇರಬಹುದು, ಹನಿಸಿದ ಜಾಗ ಕೆಂಪಾಗಲೂಬಹುದು. ಮಾತ್ರೆಯ ರೂಪದ ಔಷಧಿ ಹೊಂದುತ್ತದೆಯೇ ಎಂದು ಪಶುವೈದ್ಯರನ್ನು ಕೇಳಿ.

ಆಪರೇಷನ್ ಇದ್ದರೆ

ಅರಿವಳಿಕೆ ಕೊಟ್ಟ ನಾಯಿ ನಡುಗಿ ಮೈ ಬಿಸಿಮಾಡಿಕೊಳ್ಳಲಾರದು. ಕೂದಲಿಲ್ಲದ ನಾಯಿಯ ಮೈ ಆಗ ಇನ್ನೂ ಬೇಗ ತಣ್ಣಗಾಗುತ್ತದೆ, ತಣ್ಣಗಾದಷ್ಟೂ ಎಚ್ಚರವಾಗುವುದು ತಡ. ಶುರುವಿನಿಂದಲೇ ಹೊದಿಸಿ, ನಡುನಡುವೆ ಉಷ್ಣತೆ ನೋಡುವಂತೆ ಮೊದಲೇ ಹೇಳಿಡಿ. ಬಿಸಿನೀರಿನ ಚೀಲ ಇಡುವುದಾದರೆ ದಪ್ಪ ಬಟ್ಟೆ ಸುತ್ತಿಯೇ ಇಡಬೇಕು, ಪ್ರಜ್ಞೆಯಿಲ್ಲದ ನಾಯಿ ಸುಡುತ್ತಿದ್ದರೂ ಪಕ್ಕಕ್ಕೆ ಸರಿಯಲಾರದು. ಸಂತಾನಹರಣಕ್ಕೋ ಬೇರಾವುದಕ್ಕೋ ಹೇಗೂ ಅರಿವಳಿಕೆ ಕೊಡುವುದಾದರೆ, ಹಲ್ಲಿನ ಎಕ್ಸ್‌ರೇಯನ್ನೂ ಅದೇ ಹೊತ್ತಿನಲ್ಲಿ ತೆಗೆಸಿಕೊಳ್ಳಿ.